ಗೋಡೆಯಿಲ್ಲದ ಕೋಣೆಗಳು: ಜೀವಕೋಶದೊಳಗಿನ ಪ್ರೋಟೀನು ಹನಿಗಳು

ಪ್ರೌಢಶಾಲೆಯಲ್ಲಿ ಜೀವಕೋಶದ ಚಿತ್ರ ಬಿಡಿಸಿದ ಯಾರಿಗೇ ಆಗಲಿ, ಅದರ ರಚನೆ ಒಂದು ಮನೆಯ ನಕ್ಷೆಯಂತೆ ನೆನಪಿನಲ್ಲಿ ಉಳಿದಿರುತ್ತದೆ. ಹೊರಗೊಂದು ಪೊರೆ, ನಡುವೆ ತನ್ನದೇ ಪೊರೆಯುಳ್ಳ ಕೋಶಕೇಂದ್ರ, ಎರಡು ಪೊರೆಗಳ ಮೈಟೊಕಾಂಡ್ರಿಯ, ಪದರಪದರವಾದ ಗಾಲ್ಗಿ ಸಂಕೀರ್ಣ. ಪ್ರತಿಯೊಂದು ಕೆಲಸಕ್ಕೂ ಒಂದು ಕೋಣೆ, ಪ್ರತಿಯೊಂದು ಕೋಣೆಗೂ ಒಂದು ಗೋಡೆ. ಆದರೆ ಅದೇ ಚಿತ್ರದಲ್ಲಿ ಕೋಶಕೇಂದ್ರದ ಒಳಗೆ ಒಂದು ಕಪ್ಪು ಚುಕ್ಕೆಯನ್ನಿಟ್ಟು, ಅದಕ್ಕೆ ಕಿರುಕೇಂದ್ರವೆಂದು ಹೆಸರು ಬರೆಯುವುದೂ ರೂಢಿ. ಈ ಚುಕ್ಕೆಗೆ ಪೊರೆಯಿಲ್ಲ. 1830ರ ದಶಕದಿಂದಲೂ ಸೂಕ್ಷ್ಮದರ್ಶಕದಡಿಯಲ್ಲಿ ಕಾಣುತ್ತ ಬಂದಿರುವ ಕಿರುಕೇಂದ್ರವು ಗೋಡೆಯಿಲ್ಲದೆ ತನ್ನ ಆಕಾರವನ್ನು ಉಳಿಸಿಕೊಂಡಿರುವುದು ಹೇಗೆ, ಅದರೊಳಗಿನ ಪ್ರೋಟೀನು ಮತ್ತು ಆರ್‌ಎನ್‌ಎ ಅಣುಗಳು ಸುತ್ತಲಿನ ರಸದಲ್ಲಿ ಕರಗಿ ಚದುರಿಹೋಗದಿರುವುದು ಏಕೆ ಎಂಬ ಪ್ರಶ್ನೆಗೆ ಸುಮಾರು 170 ವರ್ಷಗಳ ಕಾಲ ತೃಪ್ತಿಕರವಾದ ಉತ್ತರವಿರಲಿಲ್ಲ. ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರೂ ಕಡಿಮೆಯೇ.

ಉತ್ತರದ ಸುಳಿವು ಮಾತ್ರ ಬಹು ಹಿಂದೆಯೇ ದೊರೆತಿತ್ತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಎಡ್ಮಂಡ್ ಬೀಚರ್ ವಿಲ್ಸನ್ ಅವರು 1899ರಲ್ಲಿ ನಕ್ಷತ್ರಮೀನು ಮೊದಲಾದ ಕಂಟಕಚರ್ಮಿಗಳ ಅಂಡಗಳನ್ನು ಪರಿಶೀಲಿಸಿ, ಜೀವದ್ರವ್ಯವೆಂಬುದು ಭಿನ್ನ ರಾಸಾಯನಿಕ ಗುಣಗಳ ಹನಿಗಳು ತೇಲುತ್ತಿರುವ ಒಂದು ದ್ರವಮಿಶ್ರಣವೆಂದು ವಿವರಿಸಿದ್ದರು. 1977ರಲ್ಲಿ ಟೊಯೊಯಿಚಿ ತನಾಕಾ ಮತ್ತು ಸಂಗಡಿಗರು ಎಳೆಯ ಇಲಿಯ ಕಣ್ಣಿನ ಮಸೂರವನ್ನು ತಂಪುಮಾಡಿದಾಗ ಅದು ಮಸುಕಾಗುವುದನ್ನೂ, ಮತ್ತೆ ಬೆಚ್ಚಗಾಗಿಸಿದಾಗ ತಿಳಿಯಾಗುವುದನ್ನೂ ಅಭ್ಯಸಿಸಿ, ಮಸೂರದ ಪ್ರೋಟೀನು ದ್ರಾವಣವು ಎರಡು ದ್ರವಗಳಾಗಿ ಬೇರ್ಪಡುವುದೇ ಇದಕ್ಕೆ ಕಾರಣವೆಂದು ತೋರಿಸಿದರು. ಇವೆಲ್ಲ ಬಿಡಿ ಸಂಗತಿಗಳಾಗಿಯೇ ಉಳಿದವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೋಶವಿಜ್ಞಾನವನ್ನು ಆಳಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಪೊರೆಗಳನ್ನು ಅದು ಅದ್ಭುತವಾಗಿ ತೋರಿಸುತ್ತದೆ. ಆದರೆ ಅದರಡಿಯಲ್ಲಿಡುವ ಕೋಶವನ್ನು ರಾಸಾಯನಿಕಗಳಿಂದ ಸ್ಥಿರಗೊಳಿಸಿ, ತೆಳುವಾಗಿ ಸೀಳಿರಬೇಕು. ಹರಿಯುವ ಗುಣವುಳ್ಳ ವಸ್ತುವನ್ನು ಹೆಪ್ಪುಗಟ್ಟಿಸಿ ನೋಡಿದರೆ ಹರಿವು ಕಾಣುವುದಾದರೂ ಎಲ್ಲಿಂದ?

ಹುಳುವಿನ ಭ್ರೂಣದಲ್ಲಿ ಕಂಡದ್ದು

ಈ ನೋಟ ಬದಲಾದದ್ದು 2009ರಲ್ಲಿ. ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಆಣವಿಕ ಕೋಶವಿಜ್ಞಾನ ಮತ್ತು ತಳಿವಿಜ್ಞಾನ ಸಂಸ್ಥೆಯಲ್ಲಿ ಆಂಥೊನಿ ಹೈಮನ್ ಅವರ ಪ್ರಯೋಗಾಲಯವು ಕೀನೊರ್‌ಹಾಬ್ಡೈಟಿಸ್ ಎಲೆಗನ್ಸ್ ಎಂಬ, ಒಂದು ಮಿಲಿಮೀಟರಿನಷ್ಟು ಉದ್ದದ ದುಂಡುಹುಳುವಿನ ಮೇಲೆ ಕೆಲಸ ಮಾಡುತ್ತಿತ್ತು. ಸಿಡ್ನಿ ಬ್ರೆನ್ನರ್ ಅವರು ಸಂಶೋಧನೆಗೆಂದು ಆಯ್ದು ಪ್ರಸಿದ್ಧಗೊಳಿಸಿದ ಹುಳುವಿದು. ಮೈ ಪಾರದರ್ಶಕವಾದುದರಿಂದ ಬದುಕಿರುವಾಗಲೇ ಅದರ ಕೋಶಗಳೊಳಗೆ ನಡೆಯುವುದನ್ನು ನೋಡಬಹುದು. ಇದರ ಭ್ರೂಣ ಇನ್ನೂ ಒಂದೇ ಕೋಶವಾಗಿರುವಾಗ ಅದರಲ್ಲಿ ಪಿ-ಕಣಕಗಳೆಂಬ ಪ್ರೋಟೀನು ಮತ್ತು ಆರ್‌ಎನ್‌ಎಗಳ ಸಣ್ಣ ಉಂಡೆಗಳು ಎಲ್ಲೆಡೆ ಹರಡಿಕೊಂಡಿರುತ್ತವೆ. ಕೋಶವು ಎರಡಾಗಿ ಸೀಳುವ ಹೊತ್ತಿಗೆ ಅವು ಹಿಂಬದಿಯ ಅರ್ಧದಲ್ಲಿ ಮಾತ್ರ ಉಳಿಯುತ್ತವೆ. ಆ ಅರ್ಧದ ಸಂತತಿಯಿಂದಲೇ ಮುಂದೆ ಹುಳುವಿನ ಅಂಡ ಮತ್ತು ವೀರ್ಯಾಣುಗಳು ಹುಟ್ಟುವುದು.

ಕಣಕಗಳು ಹಿಂಬದಿಗೆ ಸೇರುವುದು ಹೇಗೆ? ಕೋಶರಸದ ಹರಿವು ಅವುಗಳನ್ನು ಅತ್ತ ಒಯ್ಯುತ್ತದೆ, ಮುಂಬದಿಯಲ್ಲಿ ಉಳಿದವು ನಾಶವಾಗುತ್ತವೆ ಎಂಬುದು ಅಂದಿನ ಸಾಮಾನ್ಯ ಗ್ರಹಿಕೆಯಾಗಿತ್ತು. ಹೈಮನ್ ಅವರ ಬಳಿ ಸಂಶೋಧಕರಾಗಿದ್ದ ಕ್ಲಿಫರ್ಡ್ ಬ್ರ್ಯಾಂಗ್ವಿನ್ ಅವರು ಬೆಳಗುವ ಪ್ರೋಟೀನಿನ ಗುರುತು ಹಚ್ಚಿದ ಕಣಕಗಳನ್ನು ಒಂದೊಂದಾಗಿ ಹಿಂಬಾಲಿಸಿ ನೋಡಿದಾಗ ಕಂಡದ್ದೇ ಬೇರೆ. ಕಣಕಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ವಲಸೆ ಹೋಗುತ್ತಿರಲಿಲ್ಲ. ಮುಂಬದಿಯಲ್ಲಿದ್ದವು ಇದ್ದಲ್ಲಿಯೇ ಕರಗುತ್ತಿದ್ದವು. ಹಿಂಬದಿಯಲ್ಲಿ ಹೊಸವು ಕೂಡಿಕೊಂಡು ಬೆಳೆಯುತ್ತಿದ್ದವು. ಬೆಳಗಿನ ಇಬ್ಬನಿ ಬಿಸಿಲು ಬಿದ್ದ ಕಡೆ ಆರಿ, ನೆರಳಿನ ಕಡೆ ಹನಿಗಟ್ಟಿ ನಿಲ್ಲುವಂತೆ. ಇಷ್ಟೇ ಅಲ್ಲ. ಎರಡು ಕಣಕಗಳು ತಾಗಿದರೆ ಕೂಡಿ ಒಂದೇ ದುಂಡು ಹನಿಯಾಗುತ್ತಿದ್ದವು. ಹುಳುವಿನ ಜನನಾಂಗದ ಅಂಗಾಂಶವನ್ನು ಒತ್ತಿ ಜರುಗಿಸಿದಾಗ ಅವು ಕೋಶಕೇಂದ್ರದ ಮೇಲ್ಮೈಯಿಂದ ಜಿನುಗಿ ಹರಿದು ತೊಟ್ಟಿಕ್ಕಿದವು. ಒಂದು ಕಣಕದ ಭಾಗವನ್ನು ಲೇಸರ್ ಕಿರಣದಿಂದ ಮಂಕಾಗಿಸಿದರೆ, ಕೆಲವೇ ಸೆಕೆಂಡುಗಳಲ್ಲಿ ಹೊಳಪಿನ ಅಣುಗಳು ಒಳನುಗ್ಗಿ ಆ ಜಾಗವನ್ನು ತುಂಬಿದವು. ಘನವಸ್ತು ಹೀಗೆ ವರ್ತಿಸುವುದಿಲ್ಲ.

ಈ ಹನಿಗಳ ಸ್ನಿಗ್ಧತೆ ನೀರಿನ ಸ್ನಿಗ್ಧತೆಗಿಂತ ಸುಮಾರು ಸಾವಿರ ಪಟ್ಟು ಹೆಚ್ಚು, ಅಂದರೆ ಹೆಚ್ಚುಕಡಿಮೆ ಗ್ಲಿಸರಿನ್‌ನಷ್ಟು ಎಂದು ತಂಡವು ಅಂದಾಜು ಮಾಡಿತು. ಮೇಲ್ಮೈ ಎಳೆತವಾದರೋ ನೀರಿಗಿಂತ ಹತ್ತಾರು ಸಾವಿರ ಪಟ್ಟು ಕಡಿಮೆ. ಭೌತವಿಜ್ಞಾನಿ ಫ್ರಾಂಕ್ ಯೂಲಿಷರ್ ಅವರ ಸಹಯೋಗವಿಲ್ಲದೆ ಈ ಬಗೆಯ ಎಣಿಕೆ ಸಾಧ್ಯವಾಗುತ್ತಿರಲಿಲ್ಲ. ಜೀವವಿಜ್ಞಾನಿಗಳು ಸಾಮಾನ್ಯವಾಗಿ ಅಣುವಿನ ಹೆಸರನ್ನು ಕೇಳುತ್ತಾರೆ. ಅಣುಗಳ ಗುಂಪಿನ ಸ್ಥಿತಿಯನ್ನು ಕೇಳುವುದು ಭೌತವಿಜ್ಞಾನಿಯ ಅಭ್ಯಾಸ. ಈ ಶೋಧಕ್ಕೆ ಎರಡೂ ಬೇಕಾದವು. ಬ್ರ್ಯಾಂಗ್ವಿನ್ ಮತ್ತು ಹೈಮನ್ ಅವರಿಗೆ 2023ರ ಸಾಲಿನ ಜೀವವಿಜ್ಞಾನದ ಬ್ರೇಕ್‌ಥ್ರೂ ಪ್ರಶಸ್ತಿಯನ್ನು ನೀಡಲಾಯಿತು.

ಹನಿ ಕೂಡುವ ಬಗೆ

ಬಿಸಿ ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆಯನ್ನು ಎಲ್ಲರೂ ಕಂಡಿರುತ್ತಾರೆ. ಸೌಟಿನಿಂದ ಎರಡು ಹನಿಗಳನ್ನು ಹತ್ತಿರ ತಂದರೆ ಅವು ಒಂದಾಗುತ್ತವೆ. ಎಣ್ಣೆಯ ಅಣುಗಳಿಗೆ ನೀರಿನ ಸಂಗಕ್ಕಿಂತ ತಮ್ಮ ತಮ್ಮ ಸಂಗವೇ ಅನುಕೂಲಕರವಾದುದರಿಂದ ಎರಡು ದ್ರವಗಳು ಬೇರೆಯಾಗಿ ನಿಲ್ಲುತ್ತವೆ. ಪ್ರೋಟೀನು ಹನಿಯ ಮೂಲತತ್ತ್ವವೂ ಇದೇ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ: ಎಣ್ಣೆಯ ಹನಿಯಲ್ಲಿ ನೀರು ಇರುವುದಿಲ್ಲವೆಂದೇ ಹೇಳಬೇಕು, ಪ್ರೋಟೀನು ಹನಿಯಲ್ಲಿಯಾದರೋ ಸಾಕಷ್ಟು ನೀರಿರುತ್ತದೆ. ಅದು ನೀರಿನಲ್ಲಿ ಕರಗಿದ ಪ್ರೋಟೀನಿನ ದಟ್ಟ ದ್ರಾವಣ. ಸುತ್ತಲಿರುವುದು ಅದೇ ಪ್ರೋಟೀನಿನ ತೆಳು ದ್ರಾವಣ.

ಎಲ್ಲ ಅಣುಗಳಿಗೂ ಚದುರಿ ಹರಡಿಕೊಳ್ಳುವ ಸಹಜ ಪ್ರವೃತ್ತಿಯಿರುತ್ತದೆ. ಪರಸ್ಪರ ಸೆಳೆತ ಅದಕ್ಕೆ ಎದುರಾಗಿ ಕೆಲಸ ಮಾಡುತ್ತದೆ. ಪ್ರೋಟೀನಿನ ಸಾರತೆ ಕಡಿಮೆಯಿರುವವರೆಗೆ ಚದುರುವಿಕೆಯೇ ಗೆಲ್ಲುತ್ತದೆ. ಸಾರತೆ ಒಂದು ನಿರ್ದಿಷ್ಟ ಮಿತಿಯನ್ನು ದಾಟಿದೊಡನೆ ಸೆಳೆತದ ಕೈ ಮೇಲಾಗಿ, ದ್ರಾವಣವು ದಟ್ಟ ಮತ್ತು ತೆಳುವಾದ ಎರಡು ಪ್ರಾವಸ್ಥೆಗಳಾಗಿ ಒಡೆಯುತ್ತದೆ. ಒಂದೇ ಪ್ರೋಟೀನಿರುವ ದ್ರಾವಣದಲ್ಲಿ ಇದರಾಚೆಗೆ ಎಷ್ಟು ಪ್ರೋಟೀನು ಸೇರಿಸಿದರೂ ಹೊರಗಿನ ಸಾರತೆ ಏರುವುದಿಲ್ಲ. ಹನಿಗಳ ಗಾತ್ರ ಮಾತ್ರ ಬೆಳೆಯುತ್ತದೆ. ನೂರಾರು ಬಗೆಯ ಅಣುಗಳು ಒಟ್ಟಿಗಿರುವ ನಿಜವಾದ ಕೋಶದಲ್ಲಿ ಈ ನಿಯಮ ಇಷ್ಟು ಸರಳವಾಗಿ ನಡೆಯದೆಂಬುದನ್ನು ಬ್ರ್ಯಾಂಗ್ವಿನ್ ಅವರ ತಂಡವೇ 2020ರಲ್ಲಿ ತೋರಿಸಿದೆ. ಉಷ್ಣತೆ, ಲವಣದ ಪ್ರಮಾಣ, ಆಮ್ಲೀಯತೆ ಇವುಗಳಲ್ಲಿ ಯಾವುದು ತುಸು ಬದಲಾದರೂ ಮಿತಿ ಆಚೀಚೆ ಸರಿಯುತ್ತದೆ. ಕೋಶಕ್ಕೆ ಬೇಕಾದುದೂ ಇದೇ. ಪೊರೆಯುಳ್ಳ ಕೋಣೆಯನ್ನು ಕಟ್ಟಲು ಮತ್ತು ಕೆಡವಲು ಬಹಳ ಸಿದ್ಧತೆ ಬೇಕು. ಹನಿಯನ್ನು ಕೂಡಿಸಲು ಮತ್ತು ಕರಗಿಸಲು ಒಂದು ರಾಸಾಯನಿಕ ಗುರುತು ಬದಲಾದರೆ ಸಾಕಾಗಬಹುದು.

ಎಲ್ಲ ಪ್ರೋಟೀನುಗಳೂ ಹೀಗೆ ಹನಿಗೂಡುವುದಿಲ್ಲ. 2012ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಮೈಕೆಲ್ ರೋಸನ್ ಅವರ ತಂಡವು ಪರಸ್ಪರ ಹಿಡಿದುಕೊಳ್ಳುವ ಭಾಗಗಳನ್ನು ಸರಮಾಲೆಯಂತೆ ಹಲವು ಬಾರಿ ಪೋಣಿಸಿದ ಪ್ರೋಟೀನುಗಳನ್ನು ತಯಾರಿಸಿ ಬೆರೆಸಿತು. ಭಾಗಗಳ ಸಂಖ್ಯೆ ಹೆಚ್ಚಿದಂತೆಲ್ಲ ಕಡಿಮೆ ಸಾರತೆಯಲ್ಲಿಯೇ ಹನಿಗಳು ಮೂಡಿದವು. ಒಂದೇ ಕೈಯುಳ್ಳ ಅಣು ಇನ್ನೊಂದರ ಜೋಡಿಯಾಗಬಹುದಷ್ಟೆ. ಹಲವು ಕೈಗಳುಳ್ಳ ಅಣುಗಳು ಜಾಲವನ್ನೇ ಹೆಣೆಯಬಲ್ಲವು. ಈ ಹಿಡಿತಗಳು ದುರ್ಬಲವಾಗಿರಬೇಕೆಂಬುದು ಅಷ್ಟೇ ಮುಖ್ಯ. ಕೋಲಾಟದಲ್ಲಿ ಜೊತೆಗಾರರು ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದರೂ ಬಳಗ ಚದುರದಿರುವಂತೆ, ಅಣುಗಳು ಹಿಡಿದು ಬಿಟ್ಟು ಮತ್ತೆ ಬೇರೊಂದನ್ನು ಹಿಡಿಯುತ್ತಿರುವುದರಿಂದಲೇ ಹನಿ ಕೂಡಿಯೂ ಇರುತ್ತದೆ, ಹರಿಯುತ್ತಲೂ ಇರುತ್ತದೆ. ಹಿಡಿದ ಕೈ ಬಿಡದಿದ್ದರೆ ಆಟ ನಿಲ್ಲುತ್ತದೆ.

ನಿಶ್ಚಿತ ಆಕಾರವಿಲ್ಲದ ಪ್ರೋಟೀನುಗಳಿಗೆ ಇಲ್ಲಿ ಹೊಸ ಮಹತ್ತ್ವ ಬಂದಿತು. ಬೀಗಕ್ಕೊಂದು ಕೀಲಿಯೆಂಬಂತೆ ಪ್ರೋಟೀನಿನ ಆಕಾರವೇ ಅದರ ಕೆಲಸವನ್ನು ನಿರ್ಧರಿಸುತ್ತದೆ ಎಂದು ಕಲಿತ ಪೀಳಿಗೆಗಳಿಗೆ, ಮಡಿಸಿಕೊಳ್ಳದೆ ದಾರದಂತೆ ಓಲಾಡುವ ಪ್ರೋಟೀನು ಭಾಗಗಳು ಒಗಟಾಗಿದ್ದವು. ಕೆಲವೇ ಬಗೆಯ ಅಮೈನೊ ಆಮ್ಲಗಳು ಮತ್ತೆ ಮತ್ತೆ ಬರುವ ಇಂಥ ದಾರಗಳಲ್ಲಿ ಟೈರೊಸೀನ್, ಆರ್ಜಿನೀನ್ ಮೊದಲಾದವು ಅಂಟುವ ಮಣಿಗಳಾಗಿಯೂ ಉಳಿದವು ನಡುವಿನ ಎಳೆಯಾಗಿಯೂ ವರ್ತಿಸುತ್ತವೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಹಿತ್ ಪಪ್ಪು ಅವರು ಈ ನೋಟವನ್ನು ಗಣಿತದ ಚೌಕಟ್ಟಿನಲ್ಲಿ ಬೆಳೆಸಿದವರಲ್ಲಿ ಪ್ರಮುಖರು. ಮಣಿ ಯಾವುದು, ಎಷ್ಟು ಅಂತರದಲ್ಲಿದೆ ಎಂಬುದರ ಮೇಲೆ ಹನಿ ಮೂಡುವ ಮಿತಿಯೂ ಅದರ ಸ್ನಿಗ್ಧತೆಯೂ ಅವಲಂಬಿಸಿವೆ.

ಮೊದಲು ಕೇಳಿದ ಕಿರುಕೇಂದ್ರದ ಪ್ರಶ್ನೆಗೂ ಉತ್ತರ ದೊರೆಯಿತು. ಆಫ್ರಿಕದ ಕ್ಸೆನೋಪಸ್ ಕಪ್ಪೆಯ ಅಂಡಕೋಶದ ಕೋಶಕೇಂದ್ರ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು; ಅದರಲ್ಲಿ ನೂರಾರು ಕಿರುಕೇಂದ್ರಗಳಿರುತ್ತವೆ. ಇವು ತಾಗಿದಾಗ ದ್ರವದ ಹನಿಗಳಂತೆಯೇ ಒಂದಾಗುತ್ತವೆಂದು 2011ರಲ್ಲಿ ತಿಳಿದುಬಂತು. ಹಾಗಿದ್ದರೆ ಅವೆಲ್ಲ ಎಂದೋ ಕೂಡಿ ಒಂದೇ ಆಗಿರಬೇಕಿತ್ತಲ್ಲ? ಕೋಶಕೇಂದ್ರದಲ್ಲಿ ಹರಡಿರುವ ಆಕ್ಟಿನ್ ಎಂಬ ಪ್ರೋಟೀನಿನ ಬಲೆ ಅವುಗಳನ್ನು ದೂರದೂರದಲ್ಲಿ ಹಿಡಿದಿಟ್ಟಿರುತ್ತದೆ. ಬಲೆಯನ್ನು ಕಳಚಿದಾಗ ಕಿರುಕೇಂದ್ರಗಳು ಗುರುತ್ವಕ್ಕೆ ಒಳಗಾಗಿ ತಳಕ್ಕಿಳಿದು ಕೂಡಿಕೊಂಡದ್ದನ್ನು 2013ರಲ್ಲಿ ತೋರಿಸಲಾಯಿತು. ಜೀವಕೋಶದ ಒಳಗಿನ ವ್ಯವಸ್ಥೆಯಲ್ಲಿ ಗುರುತ್ವಕ್ಕೂ ಪಾತ್ರವುಂಟೆಂದು ಅದಕ್ಕೆ ಮುಂಚೆ ಯೋಚಿಸಿದವರು ವಿರಳ. ಕಿರುಕೇಂದ್ರದ ಒಳಗೂ ಒಂದರಲ್ಲೊಂದು ಬೆರೆಯದ ದ್ರವಪದರಗಳಿದ್ದು, ರೈಬೋಸೋಮಿನ ತಯಾರಿಕೆ ಒಳಪದರದಿಂದ ಹೊರಪದರಕ್ಕೆ ಹಂತಹಂತವಾಗಿ ಸಾಗುತ್ತದೆ.

ಸಸ್ಯಲೋಕದಲ್ಲಿಯೂ ಇಂಥ ಉದಾಹರಣೆಗಳು ದೊರೆತಿವೆ. ಸಾಸಿವೆಯ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಗಿಡದ ಒಣಬೀಜದಲ್ಲಿ ಫ್ಲೋ-1 ಎಂಬ ಪ್ರೋಟೀನು ಚದುರಿಕೊಂಡಿದ್ದು, ಬೀಜ ನೀರು ಹೀರಿದಾಗ ಹನಿಗೂಡುತ್ತದೆಂದು 2021ರಲ್ಲಿ ವರದಿಯಾಯಿತು. ತೇವ ಸಾಲದಿರುವಾಗ ಮೊಳೆಯಬೇಕೆ ಬೇಡವೆ ಎಂಬುದರ ನಿಯಂತ್ರಣದಲ್ಲಿ ಅದರ ಪಾತ್ರವಿದೆ. ಮಳೆಯನ್ನೇ ನೆಚ್ಚಿದ ಬೇಸಾಯಕ್ಕೆ ಇದರ ಪ್ರಸ್ತುತತೆಯನ್ನು ಬೇರೆ ಹೇಳಬೇಕಾಗಿಲ್ಲ.

ಹನಿ ಗಟ್ಟಿಯಾದಾಗ

ಬೆಲ್ಲದ ಪಾಕವನ್ನು ಒಲೆಯಿಂದ ಇಳಿಸಿ ಹಾಗೆಯೇ ಬಿಟ್ಟರೆ ಅದು ದ್ರವವಾಗಿ ಉಳಿಯುವುದಿಲ್ಲ. ಪ್ರೋಟೀನು ಹನಿಗಳಲ್ಲಿ ಕೆಲವು ಇದೇ ಬಗೆಯವು. ಕೋಶದ ರಸದಲ್ಲಿ ಪ್ರತಿ ಮಿಲಿಲೀಟರಿಗೆ 100 ಮಿಲಿಗ್ರಾಮಿಗೂ ಹೆಚ್ಚು ಪ್ರೋಟೀನಿರುತ್ತದೆ. ಇಂಥ ಇಕ್ಕಟ್ಟಿನಲ್ಲಿ ಅಂಟುವ ಗುಣದ ಅಣುಗಳನ್ನು ಇನ್ನಷ್ಟು ದಟ್ಟವಾಗಿ ಒಂದೆಡೆ ಸೇರಿಸುವುದರಲ್ಲಿ ಅಪಾಯವೂ ಅಡಗಿದೆ.

ಎಫ್‌ಯುಎಸ್ ಎಂಬ ಪ್ರೋಟೀನು ಇದಕ್ಕೆ ಚೆನ್ನಾಗಿ ಅಭ್ಯಾಸವಾದ ನಿದರ್ಶನ. 526 ಅಮೈನೊ ಆಮ್ಲಗಳ ಈ ಪ್ರೋಟೀನಿನ ಮೊದಲ ಭಾಗ ಆಕಾರವಿಲ್ಲದ ಅಂಟುದಾರ. ಆರ್‌ಎನ್‌ಎಯ ನಿರ್ವಹಣೆಯಲ್ಲಿಯೂ ಡಿಎನ್‌ಎಯ ದುರಸ್ತಿಯಲ್ಲಿಯೂ ಅದಕ್ಕೆ ಕೆಲಸವಿದೆ. 2009ರಲ್ಲಿಯೇ, ಎಂದರೆ ಪಿ-ಕಣಕಗಳ ಶೋಧವಾದ ವರ್ಷವೇ, ಈ ಪ್ರೋಟೀನಿನ ವಂಶವಾಹಿಯಲ್ಲಿ ಆಗುವ ಕೆಲವು ಬದಲಾವಣೆಗಳು ಅಮಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲೀರೋಸಿಸ್ ರೋಗವನ್ನು ಉಂಟುಮಾಡುತ್ತವೆಂದು ಗೊತ್ತಾಯಿತು. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಂದಾಗಿ ಜಗತ್ತಿಗೆ ಪರಿಚಿತವಾದ ರೋಗವಿದು. ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತ ಹೋಗುತ್ತವೆ. ಕೈಕಾಲು, ನುಡಿ, ನುಂಗುವಿಕೆ, ಕೊನೆಗೆ ಉಸಿರಾಟ ಹೀಗೆ ಒಂದೊಂದೇ ಶಕ್ತಿ ಕುಂದುತ್ತದೆ. ಹಾಕಿಂಗ್ ಅವರು ರೋಗ ಪತ್ತೆಯಾದ ಮೇಲೆ ಐದು ದಶಕಗಳಿಗೂ ಹೆಚ್ಚು ಕಾಲ ಬದುಕಿದ್ದು ಅಪವಾದ. ಬಹುತೇಕ ರೋಗಿಗಳಿಗೆ ದೊರೆಯುವುದು ಕೆಲವೇ ವರ್ಷಗಳು. ಸತ್ತ ನರಕೋಶಗಳಲ್ಲಿ ಪ್ರೋಟೀನಿನ ಗಟ್ಟಿ ಗಂಟುಗಳು ಕಾಣಸಿಗುತ್ತವೆ.

2015ರಲ್ಲಿ ಅವಿನಾಶ್ ಪಟೇಲ್, ಸೈಮನ್ ಆಲ್ಬರ್ಟಿ, ಹೈಮನ್ ಮತ್ತು ಸಂಗಡಿಗರು ಶುದ್ಧ ಎಫ್‌ಯುಎಸ್ ಪ್ರೋಟೀನನ್ನು ಗಾಜಿನ ಮೇಲೆ ಹನಿಗೂಡಿಸಿ ಗಮನಿಸಿದರು. ಮೊದಲಿಗೆ ಹನಿಗಳು ತಾಗಿದೊಡನೆ ಒಂದಾಗುತ್ತಿದ್ದವು. ಗಂಟೆಗಳು ಕಳೆದಂತೆ ಕೂಡುವುದು ನಿಧಾನವಾಯಿತು, ಆಮೇಲೆ ನಿಂತಿತು. ಹನಿಗಳಿಂದ ನಾರಿನಂಥ ಎಳೆಗಳು ಹೊರಚಾಚಿದವು. ಒಬ್ಬ ರೋಗಿಯಲ್ಲಿ ಕಂಡಿದ್ದ, ಒಂದೇ ಒಂದು ಅಮೈನೊ ಆಮ್ಲ ಬದಲಾದ ಎಫ್‌ಯುಎಸ್ ಪ್ರೋಟೀನು ಇದೇ ದಾರಿಯನ್ನು ಬಹು ಬೇಗ ಕ್ರಮಿಸಿತು. ಹನಿ ಮೂಡುವುದು ರೋಗವಲ್ಲ, ಅದು ಕೋಶದ ನಿತ್ಯದ ವ್ಯವಹಾರ. ಹನಿ ತನ್ನ ಹರಿವನ್ನು ಕಳೆದುಕೊಳ್ಳುವುದೇ ಕೆಡುಕಿನ ಆರಂಭವಿರಬಹುದು ಎಂಬ ಆಲೋಚನೆಗೆ ಈ ಪ್ರಯೋಗವು ಬಲ ನೀಡಿತು. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸಮೀರ್ ಮಾಜಿ ಅವರ ತಂಡವು ಪಾರ್ಕಿನ್ಸನ್ ರೋಗಕ್ಕೆ ಸಂಬಂಧಿಸಿದ ಆಲ್ಫಾ-ಸೈನ್ಯೂಕ್ಲೀನ್ ಪ್ರೋಟೀನು ಮೊದಲು ಹನಿಗೂಡಿ, ಕಾಲಕ್ರಮದಲ್ಲಿ ಎಳೆಗಳನ್ನೊಳಗೊಂಡ ಗಟ್ಟಿ ಲೋಳೆಯಾಗುವುದನ್ನು 2020ರಲ್ಲಿ ವಿವರಿಸಿತು.

ಹಾಗಾದರೆ ಆರೋಗ್ಯವಂತ ಕೋಶದಲ್ಲಿ ಹನಿಗಳು ದಶಕಗಳ ಕಾಲ ಗಟ್ಟಿಯಾಗದೆ ಉಳಿಯುವುದು ಹೇಗೆ ಎಂಬುದೇ ಕೇಳಬೇಕಾದ ಪ್ರಶ್ನೆ. ನರಕೋಶಗಳಾದರೋ ಮನುಷ್ಯನ ಜೀವಮಾನವಿಡೀ ಬಾಳಬೇಕಾದವು. ಕೋಶವು ಇದಕ್ಕಾಗಿ ಸತತವಾಗಿ ದುಡಿಯುತ್ತದೆ. ಪ್ರೋಟೀನುಗಳನ್ನು ಕೋಶಕೇಂದ್ರದೊಳಕ್ಕೆ ಒಯ್ಯುವ ಟ್ರಾನ್ಸ್‌ಪೋರ್ಟಿನ್ ಎಂಬ ಸಾಗಣೆ ಅಣುವು ಎಫ್‌ಯುಎಸ್ ಹನಿಗಳನ್ನು ಕರಗಿಸಬಲ್ಲುದೆಂದು 2018ರಲ್ಲಿ ಹಲವು ತಂಡಗಳು ಏಕಕಾಲಕ್ಕೆ ತೋರಿಸಿದವು. ರೋಗಿಗಳಲ್ಲಿ ಕಾಣುವ ಎಫ್‌ಯುಎಸ್ ಬದಲಾವಣೆಗಳಲ್ಲಿ ಹಲವು ಇರುವುದು ಈ ಅಣು ಹಿಡಿದುಕೊಳ್ಳುವ ಜಾಗದಲ್ಲಿಯೇ ಎಂಬುದು ಗಮನಾರ್ಹ. ಕೋಶದ ಶಕ್ತಿಯ ನಾಣ್ಯವೆಂದು ಹೆಸರಾದ ಎಟಿಪಿ ಅಣು ಕಿಣ್ವಗಳ ಅಗತ್ಯಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಕೋಶದಲ್ಲಿರುತ್ತದೆ. ಈ ಪ್ರಮಾಣದ ಎಟಿಪಿಯು ಪ್ರಯೋಗನಾಳದಲ್ಲಿ ಪ್ರೋಟೀನುಗಳನ್ನು ಕರಗಿದ ಸ್ಥಿತಿಯಲ್ಲಿ ಇರಿಸಬಲ್ಲುದೆಂದು 2017ರಲ್ಲಿ ಪ್ರಕಟವಾಯಿತು. ವಯಸ್ಸಾದಂತೆ ಕೋಶದ ಶಕ್ತಿ ಕುಂದುವುದಕ್ಕೂ ಮುಪ್ಪಿನಲ್ಲಿ ಇಂಥ ನರರೋಗಗಳು ತಲೆದೋರುವುದಕ್ಕೂ ಇಲ್ಲಿ ನಂಟಿರಬಹುದೆಂಬ ಊಹೆ ಆಕರ್ಷಕವಾದದ್ದು. ಸದ್ಯಕ್ಕೆ ಅದು ಊಹೆಯೇ.

ಸಾಕ್ಷ್ಯದ ಮಾತು

ಯಾವುದೇ ಹೊಸ ಕಲ್ಪನೆ ಯಶಸ್ವಿಯಾದಾಗ ಎಲ್ಲೆಲ್ಲೂ ಅದನ್ನೇ ಕಾಣುವ ಉತ್ಸಾಹ ಹುಟ್ಟುವುದು ಸಹಜ. 2015ರ ನಂತರ ಕೋಶದ ಪ್ರತಿಯೊಂದು ಚುಕ್ಕೆಯೂ ದ್ರವಹನಿಯೆಂದು ಸಾರುವ ಪ್ರಬಂಧಗಳು ಸಾಲುಗಟ್ಟಿ ಬಂದವು. ಇವುಗಳಲ್ಲಿ ಅನೇಕವುಗಳ ಸಾಕ್ಷ್ಯ ತೀರ ತೆಳುವಾದದ್ದೆಂದು ಹೇಳಬೇಕಾಗುತ್ತದೆ. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಸುಮಾರು 200 ನ್ಯಾನೊಮೀಟರಿಗಿಂತ ಚಿಕ್ಕದಾದ ಯಾವ ವಸ್ತುವೂ ದುಂಡಗೆಯೇ ಕಾಣುತ್ತದೆ. ದುಂಡಗಿರುವುದರಿಂದ ಅದು ದ್ರವವೆನ್ನಲಾಗದು. ಮಂಕಾಗಿಸಿದ ಜಾಗ ಮತ್ತೆ ಬೆಳಗಿತೆಂದರೆ ಅಣುಗಳು ಬಂದುಹೋಗುತ್ತಿವೆ ಎಂದಷ್ಟೇ ಅರ್ಥ. ಹನಿಗಳನ್ನು ಕರಗಿಸಿ ಪರೀಕ್ಷಿಸಲು ಬಳಸುವ 1,6-ಹೆಕ್ಸೇನ್‌ಡಯಾಲ್ ಎಂಬ ರಾಸಾಯನಿಕವು ಕೋಶದ ಇತರ ಭಾಗಗಳನ್ನೂ ಕೆಡಿಸುತ್ತದೆ. ಪ್ರೋಟೀನನ್ನು ಸಹಜ ಪ್ರಮಾಣಕ್ಕಿಂತ ಹಲವು ಪಟ್ಟು ಹೆಚ್ಚು ತಯಾರಾಗುವಂತೆ ಮಾಡಿದರೆ ಅದು ಹನಿಗೂಡುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಕ್ಸೇವಿಯರ್ ಡಾರ್ಜಾಕ್ ಮತ್ತು ರಾಬರ್ಟ್ ಟಿಜಿಯನ್ ಅವರ ತಂಡ 2019ರಲ್ಲಿ ಈ ಆಕ್ಷೇಪಗಳನ್ನು ಕ್ರಮಬದ್ಧವಾಗಿ ಮುಂದಿಟ್ಟಿತು. ಹರ್ಪಿಸ್ ವೈರಸ್ಸು ಕೋಶಕೇಂದ್ರದಲ್ಲಿ ತನ್ನ ಸಂಖ್ಯಾವೃದ್ಧಿಗೆ ಮಾಡಿಕೊಳ್ಳುವ ತಾಣಗಳು ಮೇಲುನೋಟಕ್ಕೆ ಅಪ್ಪಟ ಹನಿಗಳು. ಆದರೆ ಒಂದೊಂದು ಅಣುವಿನ ಚಲನೆಯನ್ನು ಹಿಂಬಾಲಿಸಿದಾಗ, ಅಲ್ಲಿಗೆ ಬರುವ ಆರ್‌ಎನ್‌ಎ ಪಾಲಿಮರೇಸ್ ಕಿಣ್ವ ನೆಲೆನಿಲ್ಲುವುದು ವೈರಸ್ಸಿನ ಬರಿದಾದ ಡಿಎನ್‌ಎಗೆ ಮತ್ತೆ ಮತ್ತೆ ಅಂಟಿಕೊಳ್ಳುವುದರಿಂದ, ಹನಿಯ ಪ್ರಾವಸ್ಥೆಯಿಂದಲ್ಲ ಎಂದು ತಿಳಿಯಿತು. 2017ರಿಂದ ಬಳಕೆಗೆ ಬಂದಿರುವ 'ಕಂಡೆನ್ಸೇಟ್' ಎಂಬ ಹೆಸರು ದ್ರವವೆಂದೋ ಘನವೆಂದೋ ಹೇಳದೆ, ಒತ್ತಾಗಿ ಸೇರಿದ್ದು ಎಂದಷ್ಟೇ ಸೂಚಿಸುತ್ತದೆ. ಕನ್ನಡದಲ್ಲಿ ಇದನ್ನು ಘನೀಕೃತವೆಂದು ಕರೆದರೆ ಅರ್ಥವೇ ತಿರುವುಮುರುವಾದೀತು, ಸಾಂದ್ರಿತವೆನ್ನುವುದು ಮೇಲು.

ಎಲ್ಲ ವೈರಸ್ಸುಗಳ ತಾಣಗಳೂ ಹರ್ಪಿಸ್‌ನಂತಲ್ಲ. ಹುಚ್ಚುನಾಯಿ ರೋಗದಿಂದ ಸತ್ತ ಪ್ರಾಣಿಯ ಮಿದುಳಿನಲ್ಲಿ ಕಾಣುವ ನೆಗ್ರಿ ಕಾಯಗಳು 1903ರಿಂದ ಪರಿಚಿತ. ದಶಕಗಳ ಕಾಲ ಅವನ್ನು ಹುಡುಕಿಯೇ ರೋಗವನ್ನು ಖಚಿತಪಡಿಸಲಾಗುತ್ತಿತ್ತು. ರೇಬೀಸ್ ವೈರಸ್ಸು ತನ್ನ ಆರ್‌ಎನ್‌ಎಯ ಪ್ರತಿಗಳನ್ನು ತಯಾರಿಸುವ ಈ ಕಾಯಗಳು ದ್ರವಹನಿಗಳೆಂದು 2017ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ತೋರಿಸಿದರು. ಎಳೆಯ ಮಕ್ಕಳ ಶ್ವಾಸಕೋಶವನ್ನು ಬಾಧಿಸುವ ಆರ್‌ಎಸ್‌ವಿ ವೈರಸ್ಸಿನ ತಾಣಗಳೂ ಅಂಥವೇ. 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸೈಕ್ಲೊಪಮೀನ್ ಎಂಬ ಸಸ್ಯಮೂಲದ ರಾಸಾಯನಿಕವು ಈ ಹನಿಗಳನ್ನು ಗಟ್ಟಿಮಾಡಿ ವೈರಸ್ಸಿನ ವೃದ್ಧಿಯನ್ನು ತಡೆಯಿತು; ಅದರ ಸಮೀಪಬಂಧುವಾದ ಇನ್ನೊಂದು ರಾಸಾಯನಿಕ ಸೋಂಕಿತ ಇಲಿಗಳ ಶ್ವಾಸಕೋಶದಲ್ಲಿಯೂ ಫಲ ನೀಡಿತು. ನರಕೋಶದಲ್ಲಿ ಕೇಡಾಗುವ ಗಟ್ಟಿತನವನ್ನು ಇಲ್ಲಿ ವೈರಸ್ಸಿನ ಮೇಲೆ ಅಸ್ತ್ರವಾಗಿ ತಿರುಗಿಸಲಾಗಿದೆ. ಕೋಶದ ಸ್ವಂತ ಹನಿಗಳಾದ ಒತ್ತಡ ಕಣಕಗಳ ಮೇಲೆ ಆ ರಾಸಾಯನಿಕ ಪರಿಣಾಮ ಬೀರಲಿಲ್ಲ.